ಉಗ್ರಾಣಿಯ ಸಾಕ್ಷಿ

ಮಾರ್ಚ್ 4, ಸೋಮವಾರ

ಇವತ್ತಿನಿಂದ ಎಲ್ಲವನ್ನೂ ಬರೆದಿಡಬೇಕು. ಹಿಂದಿನ ಕೆಲಸದಲ್ಲಿ ಬರೆದಿಡದೆ ಕೆಟ್ಟೆ. ಯಾರೋ ಅಳಿಸಿದ ಕಡತಗಳಿಗೆ ನನ್ನ ಹೆಸರು ಬಂತು, ‘ನಾನಲ್ಲ’ ಎಂದು ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಆ ಕಥೆ ಇನ್ನೊಂದು ಸಲ ಆಗಕೂಡದು.

ಕೊರೆಯುವ ಯಂತ್ರ ಇಂದು ಶುರುವಾಯಿತು. ಈ ಕೃತಕ ಕಾಲಿನ ಕಾರ್ಯಾಗಾರದಲ್ಲಿ ಇಷ್ಟು ದಿನ ಮೊಂಡುಗಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದರಿಂದ ಅಚ್ಚು ತೆಗೆದು, ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದು, ಕಾಲು ಕೂರುವ ಬಟ್ಟಲು ಮಾಡುತ್ತಿದ್ದರು. ಇನ್ನು ಮೇಲೆ ಸ್ಕ್ಯಾನರ್ ಕಾಲಿನ ಆಕಾರ ಹಿಡಿಯುತ್ತದೆ, ನನ್ನ ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಯಂತ್ರ ಗಟ್ಟಿ ಫೋಮಿನಲ್ಲಿ ಅಚ್ಚು ಕೊರೆದುಕೊಡುತ್ತದೆ. ಪ್ಲಾಸ್ಟರೂ ಬೇಡ, ಧೂಳೂ ಬೇಡ. ಕಾರ್ಯಾಗಾರ ನಡೆಸುವ ಮೇಡಂ ಎಲ್ಲರ ಮುಂದೆ ಷರತ್ತು ಹೇಳಿದರು: ಮೇ ಕೊನೆಯವರೆಗೆ ಪರೀಕ್ಷೆ. ಬಟ್ಟಲು ಸರಿಯಿಲ್ಲವೆಂದು ಮೂರು ಜನ ವಾಪಸ್ ಬಂದರೆ ಯಂತ್ರ ವಾಪಸ್, ಅದರ ಬೆನ್ನಿಗೆ ಕೆಲಸಕ್ಕೆ ಸೇರಿದ ನಾನೂ ಮನೆಗೆ. ಬರದಿದ್ದರೆ ಪ್ಲಾಸ್ಟರ್ ಬೆಂಚು ಮುಚ್ಚುವುದು, ಅಚ್ಚಿನ ಮೇಷ್ಟ್ರನ್ನು ಕೈಕುಲುಕಿ ಕಳಿಸುವುದು.

ಇಪ್ಪತ್ತೆಂಟು ವರ್ಷದಿಂದ ಅಚ್ಚು ಮಾಡುತ್ತಿರುವ ಆ ಮುದುಕ ಇದನ್ನು ಕೇಳಿಯೂ ತನ್ನ ಚಾಕು ಮಸೆಯುತ್ತಲೇ ಇದ್ದ. ಇಂಥವರ ಹತ್ತಿರ ಹುಷಾರಾಗಿರಬೇಕು.

ಸಂಜೆ ಉಗ್ರಾಣಿ ಸ್ವಲ್ಪ ಗೊಣಗಿದ. ಪ್ಯಾಕೇಜ್ ಮ್ಯಾನೇಜರಿಗೆ ನಾನಿಟ್ಟ ಹೆಸರು ಅದು. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಬರೆದರೆ ಕೇಳಿದ ತಂತ್ರಾಂಶವನ್ನು ಅದರ ಸರಂಜಾಮಿನ ಸಮೇತ ತಂದು ಜೋಡಿಸುತ್ತಾನೆ. ಯಾವುದಕ್ಕೆ ಯಾವುದು ಕೂಡಿ ಬರುವುದಿಲ್ಲ ಎಂಬುದೂ ಅವನಿಗೇ ಗೊತ್ತು. ಎಲ್ಲವನ್ನೂ ಹೊಸ ಆವೃತ್ತಿಗೆ ಏರಿಸು ಎಂದೆ. ಕೊರೆಯುವ ತಂತ್ರಾಂಶಕ್ಕೆ ಅಳತೆ ಲೆಕ್ಕದ ಲೈಬ್ರರಿಯ ಎರಡನೇ ಆವೃತ್ತಿಯೇ ಬೇಕು, ಬಂದಿರುವುದು ಮೂರನೆಯದು, ಇವೆರಡರ ಜಾತಕ ಕೂಡುವುದಿಲ್ಲ ಎಂದು ಹದಿನಾಲ್ಕು ಸಾಲು ಕೊರೆದ. ಮೇಡಂ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದರು. ‘ಏನೇ ಇರಲಿ, ಹೇಳಿದ್ದು ಮಾಡು’ ಎನ್ನುವ ಬಲವಂತದ ಗುರುತು ಸೇರಿಸಿ ಮತ್ತೆ ಆಜ್ಞೆ ಕೊಟ್ಟೆ. ಬಾಯಿ ಮುಚ್ಚಿಕೊಂಡು ಜೋಡಿಸಿದ. ಯಂತ್ರ ಓಡಿತು.

ಮಾರ್ಚ್ 7, ಗುರುವಾರ

ಮೊದಲ ಅಚ್ಚು ಒಬ್ಬರು ಶಾಲಾ ಶಿಕ್ಷಕಿಯದು. ಮೇಷ್ಟ್ರು ಅಚ್ಚಿನ ಮೇಲೆ ಹೆಬ್ಬೆರಳು ಆಡಿಸಿ ಆಡಿಸಿ ನೋಡಿದ. ಹೆಣ್ಣು ನೋಡಲು ಬಂದವರೂ ಅಷ್ಟು ಹೊತ್ತು ನೋಡುವುದಿಲ್ಲ.

“ಬಿಗಿ ಅನ್ಸುತ್ತಮ್ಮ” ಎಂದ.

“ಯಂತ್ರಕ್ಕೆ ಅನ್ಸೋದಿಲ್ಲ ಮೇಷ್ಟ್ರೇ, ಅದು ಅಳೆಯುತ್ತೆ” ಎಂದೆ. ಬರೀ ಬಾಯಿಮಾತಲ್ಲ. ಅವನ ಕಣ್ಣೆದುರಿಗೇ ಹನ್ನೆರಡು ಕಡೆ ಅಳೆದು ಸ್ಕ್ಯಾನಿನ ಜೊತೆ ತಾಳೆ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಾಲು ಎಷ್ಟಿದೆಯೋ ಅಚ್ಚು ಅಷ್ಟೇ ಇದೆ. ಅವನು ತಲೆ ಆಡಿಸಿ ಅಚ್ಚನ್ನು ತನ್ನ ಬೆಂಚಿಗೆ ಒಯ್ದ. ಉಜ್ಜುವುದು, ಪ್ಲಾಸ್ಟಿಕ್ ಎಳೆಯುವುದು ಈಗಲೂ ಅವನ ಪಾಲು.

ಮಾರ್ಚ್ 8, ಶುಕ್ರವಾರ

ಶಿಕ್ಷಕಿ ಬಟ್ಟಲು ತೊಟ್ಟು ಎರಡು ಸುತ್ತು ನಡೆದು, “ಹಳೇದಕ್ಕಿಂತ ಹಗುರ, ಎಲ್ಲೂ ಒತ್ತೋದೇ ಇಲ್ಲ” ಎಂದರು. ನಾನು ಮೇಷ್ಟ್ರ ಕಡೆ ನೋಡಿದೆ. ಅವನು ನೆಲ ಗುಡಿಸುತ್ತಿದ್ದ.

ಮಾರ್ಚ್ 15, ಶುಕ್ರವಾರ

ಒಂಬತ್ತಕ್ಕೆ ಬಂದು ಉಗ್ರಾಣಿಯನ್ನು ಕರೆದರೆ ಬೀಗ. ‘ಬೇರೊಂದು ಪ್ರಕ್ರಿಯೆ ಈಗಾಗಲೇ ಉಗ್ರಾಣ ತೆರೆದಿದೆ, ಕಾಯಿರಿ’ ಎಂಬ ಸಂದೇಶ. ಇಬ್ಬರು ಏಕಕಾಲಕ್ಕೆ ಸಾಮಾನು ಎತ್ತಿಡಬಾರದೆಂದು ಇರುವ ಬೀಗ ಅದು. ಆದರೆ ಇಲ್ಲಿ ನನ್ನ ಹೊರತು ಇನ್ನೊಬ್ಬರು ಯಾರು? ಹತ್ತು ನಿಮಿಷದಲ್ಲಿ ತಾನಾಗಿ ಬಿಟ್ಟಿತು. ಸೋಮವಾರವೂ ಹೀಗೇ ಆಗಿತ್ತು, ಬುಧವಾರವೂ.

ಬೀಗ ಹಿಡಿದಿದ್ದ ಪ್ರಕ್ರಿಯೆಯ ಸಂಖ್ಯೆ ಬರೆದುಕೊಂಡೆ. ಅದು ಏನೆಂದು ಹುಡುಕುವಷ್ಟರಲ್ಲಿ ಮಾಯ. ನನ್ನ ಕುರ್ಚಿಯ ಎತ್ತರ ಬದಲಾಗಿದೆಯೋ ಎಂದು ಕೂತು ಎದ್ದು ನೋಡಿದೆ. ಬದಲಾದ ಹಾಗೇ ಇದೆ.

ಮಾರ್ಚ್ 27, ಬುಧವಾರ

ಉಗ್ರಾಣಿ ಇವತ್ತು ‘ಜಾಗವಿಲ್ಲ’ ಎಂದ. ಡಿಸ್ಕ್ ಭರ್ತಿ! ಯಾರೋ ಸಿನಿಮಾ ತಂದು ಸುರಿದಿದ್ದಾರೆ ಎಂದುಕೊಂಡು ಒಂದೊಂದೇ ಮೂಲೆ ಜಾಲಾಡಿದೆ. ಸಿಕ್ಕಿದ್ದು ಉಗ್ರಾಣಿ ಇಳಿಸಿಕೊಂಡ ಹಳೆಯ ಪ್ಯಾಕೇಜುಗಳ ರಾಶಿ. ಜೋಡಿಸಿದ ಮೇಲೂ ಅವನ್ನು ಅಳಿಸಬೇಡ ಎಂದು ಅವನಿಗೆ ಅಪ್ಪಣೆ ಕೊಟ್ಟವಳು ನಾನೇ. ಇರಲಿ. ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಸಾಗಿಸಿ ಚೀಲದಲ್ಲಿ ಇಟ್ಟುಕೊಂಡೆ. ಯಾವತ್ತಾದರೂ ಸಾಕ್ಷಿಗೆ ಬೇಕಾಗುತ್ತದೆ.

ಏಪ್ರಿಲ್ 2, ಮಂಗಳವಾರ

ಈಗ ಸಿಕ್ಕಿತು ಬಾಲ.

ಉಗ್ರಾಣಿ ಇಂಟರ್ನೆಟ್ಟಿನ ಯಾವ ಭಂಡಾರದಿಂದಲೂ ಸಾಮಾನು ತರಲು ಒಪ್ಪಲಿಲ್ಲ. ‘ಭಂಡಾರದ ಈ ಸಾಮಾನು ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲ’ ಎಂದು ಒಂದೇ ಹಟ. ನಿನ್ನೆ ಹೊರಟ ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲ ಎಂದರೇನು? ಇಂಟರ್ನೆಟ್ಟಿಗೆ ಬೈದೆ, ಪಟ್ಟಿ ಅಸಲಿಯೇ ಎಂದು ನೋಡುವ ಸಹಿ ಕೀಲಿಗಳಿಗೆ ಬೈದೆ. ಅರ್ಧ ಗಂಟೆಯ ಮೇಲೆ ಪರದೆಯ ಮೂಲೆ ನೋಡಿದರೆ ಕಂಪ್ಯೂಟರಿನ ಗಡಿಯಾರ ಆರು ವರ್ಷ ಹಿಂದೆ ನಿಂತಿದೆ. ಅವನ ಪಾಲಿಗೆ ಇವತ್ತಿನ ಪಟ್ಟಿ ಆರು ವರ್ಷ ಮುಂದಿನ ಪಟ್ಟಿ.

ಗಡಿಯಾರ ಸರಿಮಾಡಿದೆ, ಉಗ್ರಾಣಿ ದಾರಿಗೆ ಬಂದ. ಆದರೆ ಗಡಿಯಾರ ತಾನಾಗಿ ಹಿಂದೆ ಹೋಗುವುದಿಲ್ಲ. ಯಾರೋ ಹಿಂದಕ್ಕೆ ತಿರುಗಿಸಿದ್ದಾರೆ, ಅಥವಾ ಕರೆಂಟು ಕಿತ್ತಿದ್ದಾರೆ. ಯಂತ್ರ ಬರುವ ಮೊದಲಿನ ಕಾಲ ವಾಪಸ್ ಬರಲಿ ಎಂದು ಯಾರಿಗೆ ಆಸೆ ಎಂದು ನಾನು ಬೇರೆ ಬರೆಯಬೇಕೆ?

ಏಪ್ರಿಲ್ 3, ಬುಧವಾರ

ಊಟದ ಹೊತ್ತಿಗೆ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಮುಂದಿನ ಕೋಣೆಯನ್ನೇ ಹೊಲಿಗೆ ಅಂಗಡಿ ಮಾಡಿಕೊಂಡಿರುವವಳು. ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ, ಆದರೂ ಮಾತು ನಿಲ್ಲುವುದಿಲ್ಲ.

“ಮೇಲಿನ ಮನೆಯವರು ನಮ್ಮ ವೈಫೈ ಕದೀತಾರೆ ಅಂದೆ. ಹಾಲಿನವನು ನೀರು ಹಾಕ್ತಾನೆ ಅಂದೆ. ಹೋದ ತಿಂಗಳು ನಾನೇ ನಿನ್ನ ಶಾಂಪೂ ಕದ್ದೆ ಅಂದೆ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿನೇ ಕಣೆ.”

“ಶಾಂಪೂ ಕಡಿಮೆ ಆಗಿದ್ದು ನಿಜ.”

“ನಾನು ಹಾಕ್ಕೊಂಡಿದ್ದೂ ನಿಜ. ಅದಕ್ಕೆ ಕದಿಯೋದು ಅಂತಾರಾ?”

ಅಕ್ಕನಿಗೆ ಆಫೀಸಿನ ರಾಜಕೀಯ ತಿಳಿಯುವುದಿಲ್ಲ.

ಏಪ್ರಿಲ್ 11, ಗುರುವಾರ

ಕೀಬೋರ್ಡಿನ ಸಂದಿಯಲ್ಲಿ ಬಿಳಿ ಪುಡಿ! ಬೆರಳಿಗೆ ಹಚ್ಚಿ ನೋಡಿದೆ, ಪ್ಲಾಸ್ಟರೇ. ಪ್ಲಾಸ್ಟರಿನ ಧೂಳು ಫ್ಯಾನಿಗೆ ಹೋದರೆ ಕಂಪ್ಯೂಟರ್ ಸಾಯುತ್ತದೆಂದು ಯಂತ್ರ ಬಂದಾಗಿನಿಂದ ಈ ಕೋಣೆಗೆ ಒಂದು ಹಿಡಿಯೂ ತರಕೂಡದು ಎಂಬ ನಿಯಮವಿದೆ. ಮೇಷ್ಟ್ರ ಬೆಂಚಿನ ಕೆಳಗೆ ಬಗ್ಗಿ ನೋಡಿದೆ. ಹಳೆಯ ಏಪ್ರನ್ ಹೊದಿಸಿದ ಒಂದು ಚೀಲ, ಬಾಯಿ ಬಿಚ್ಚಿದ್ದು. ಫೋಟೋ ತೆಗೆದುಕೊಂಡೆ.

ಒಂದೇ ಒಂದು ವಿಷಯ ತಲೆಗೆ ಹೋಗುತ್ತಿಲ್ಲ. ಹನ್ನೆರಡು ಬಟ್ಟಲು ಹೋಗಿವೆ, ಒಂದೂ ವಾಪಸ್ ಬಂದಿಲ್ಲ. ನನ್ನ ಯಂತ್ರಕ್ಕೆ ಕೊಡಲಿ ಹಾಕುವವನು ಬಟ್ಟಲು ಕೆಡಿಸದೆ ಬಿಟ್ಟಿದ್ದಾನೆ ಏಕೆ? ಯೋಚಿಸಿದಾಗ ಹೊಳೆಯಿತು: ಈಗ ಕೆಡಿಸಿದರೆ ನಾನು ಸರಿಮಾಡಿಕೊಳ್ಳುತ್ತೇನೆ. ಮೇ ಕೊನೆಯಲ್ಲಿ ಒಟ್ಟಿಗೆ ಮೂರು ಕೆಡಿಸಿದರೆ ಸಮಯವೇ ಇರುವುದಿಲ್ಲ. ಬಕ ಒಂಟಿ ಕಾಲಲ್ಲಿ ನಿಲ್ಲುವುದು ತಪಸ್ಸಿಗಲ್ಲ.

ಏಪ್ರಿಲ್ 23, ಮಂಗಳವಾರ

ನಿನ್ನೆ ಸಂಜೆ ದೊಡ್ಡ ಅಪ್‌ಡೇಟ್ ಒಂದನ್ನು ಹಚ್ಚಿ, ಬೆಳಗಾಗುವುದರೊಳಗೆ ಮುಗಿದಿರುತ್ತದೆಂದು ಮನೆಗೆ ಬಂದಿದ್ದೆ. ಇಂದು ನೋಡಿದರೆ ಉಗ್ರಾಣಿ ಕಕ್ಕಾಬಿಕ್ಕಿ. ‘ಕೆಲಸ ಅರ್ಧಕ್ಕೆ ನಿಂತಿತ್ತು, ಜೋಡಣೆ ನೀವೇ ಮುಗಿಸಿಕೊಡಿ’ ಎನ್ನುತ್ತಾನೆ. ಎಂಟು ಪ್ಯಾಕೇಜುಗಳು ಒಂದು ಕಾಲು ಒಳಗೆ ಒಂದು ಕಾಲು ಹೊರಗೆ. ಮುಗಿಸಿಕೊಟ್ಟೆ. ಆಮೇಲೆ ಕಂಪ್ಯೂಟರ್ ಚಾಲೂ ಆಗಿ ಎಷ್ಟು ಹೊತ್ತಾಯಿತು ಎಂದು ಕೇಳಿದೆ.

ನಲವತ್ತೆಂಟು ನಿಮಿಷ!

ಹಗಲೂ ರಾತ್ರಿ ಆರಿಸಕೂಡದ ಕಂಪ್ಯೂಟರ್. ನಾನು ಬರುವುದು ಒಂಬತ್ತಕ್ಕೆ. ಎಂಟೂ ಕಾಲಿಗೆ ಅದನ್ನು ಯಾರೋ ಮತ್ತೆ ಹಚ್ಚಿದ್ದಾರೆ. ಬೆಳಗಿನ ಬೀಗದ ಗುಟ್ಟೂ ಅದೇ ಇರಬೇಕು: ಕಂಪ್ಯೂಟರ್ ಎದ್ದ ಕೂಡಲೇ ಉಗ್ರಾಣಿ ತಾನಾಗಿ ಹೊಸ ಸಾಮಾನು ಬಂದಿದೆಯೇ ಎಂದು ನೋಡುತ್ತಾನೆ, ಅಷ್ಟು ಹೊತ್ತು ಬೀಗ ಅವನ ಕೈಯಲ್ಲೇ. ದಿನಾ ಬೆಳಿಗ್ಗೆ ಬೀಗ ಇತ್ತೆಂದರೆ ದಿನಾ ಬೆಳಿಗ್ಗೆ ಯಾರೋ ಪ್ಲಗ್ ಕಿತ್ತಿದ್ದಾರೆ. ಕಾವಲುಗಾರನನ್ನು ಕೇಳಿದೆ. ಮೇಷ್ಟ್ರು ಈಚೆಗೆ ಆರಕ್ಕೇ ಬರುತ್ತಾನಂತೆ. ಮೊದಲು ಎಂಟಕ್ಕೆ ಬರುತ್ತಿದ್ದವನು.

ಈ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ಸಿಟ್ಟಿಗೋ ಖುಷಿಗೋ ಗೊತ್ತಿಲ್ಲ.

ಮೇ 8, ಬುಧವಾರ

ಆರೂಕಾಲಿಗೆ ಹೋದೆ. ಹಿಂದಿನ ಬಾಗಿಲಿಂದ, ಚಪ್ಪಲಿ ಕೈಯಲ್ಲಿ ಹಿಡಿದು.

ನನ್ನ ಕಂಪ್ಯೂಟರಿನ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಒಂದು ಕಾಯಿಸುವ ದೀಪ ಉರಿಯುತ್ತಿತ್ತು. ದೀಪದ ಮುಂದೆ ಮೇಷ್ಟ್ರು, ಮೊಣಕೈವರೆಗೆ ಬಿಳಿ. ನಿನ್ನೆ ಸಂಜೆ ನನ್ನ ಯಂತ್ರ ಕೊರೆದ ಅಚ್ಚಿನ ಮೇಲೆ ಒದ್ದೆ ಪ್ಲಾಸ್ಟರ್ ಬಳಿಯುತ್ತಿದ್ದ. ಹೆಬ್ಬೆರಳಲ್ಲಿ ಸವರಿ, ಒಂದು ಕಡೆ ದಪ್ಪ, ಒಂದು ಕಡೆ ತೆಳು.

“ಏನ್ ಮಾಡ್ತಿದೀರಿ?”

ಅವನು ಬೆಚ್ಚಲಿಲ್ಲ. ನಿಧಾನವಾಗಿ ತಿರುಗಿದ. “ಅಚ್ಚು ಸ್ವಲ್ಪ ನೋಡ್ತಿದ್ದೆ.”

“ಇದಾ ನೋಡೋದು? ಕೊರೆದ ಅಳತೆ ಕೆಡಿಸ್ತಿದೀರಿ!”

“ಹೇಳಿದ್ರೆ ನೀನು ನಂಬಲ್ಲಮ್ಮ. ಮೊದಲನೇ ದಿನಾನೇ ಹೇಳಿದ್ದೆ” ಎಂದು ಬಟ್ಟೆಗೆ ಕೈ ಒರೆಸಿಕೊಂಡ. ಮತ್ತೆ ಅಚ್ಚಿನ ಕಡೆ ತಿರುಗಿದ. ತಪ್ಪು ಮಾಡದವರು ಹಾಗೆ ಬೆನ್ನು ತಿರುಗಿಸುತ್ತಾರೆಯೇ? ಫೋಟೋ ತೆಗೆದೆ, ಹನ್ನೊಂದು.

ಮೇ 9, ಗುರುವಾರ

ಮೇಡಂಗೆ ದೂರು ಬರೆದುಕೊಟ್ಟೆ. ನಾಲ್ಕು ಪುಟ. ದಿನಾಂಕ, ಬೀಗ, ಗಡಿಯಾರ, ಅರ್ಧಕ್ಕೆ ನಿಂತ ಅಪ್‌ಡೇಟ್, ಫೋಟೋ. ಈ ದಿನಚರಿ ಇದ್ದದ್ದಕ್ಕೆ ಸಾರ್ಥಕವಾಯಿತು.

ಮೇ 10, ಶುಕ್ರವಾರ

ಮೇಷ್ಟ್ರು ನಾಳೆಯಿಂದ ಬರುವುದು ಬೇಡ ಎಂದು ಮೇಡಂ ಹೇಳಿಬಿಟ್ಟರು. ಮೇ ಕೊನೆಯಲ್ಲಿ ಹೇಗೂ ಹೋಗಬೇಕಿತ್ತು, ಮೂರು ವಾರ ಮೊದಲೇ. ಪ್ಲಾಸ್ಟರ್ ಕೆತ್ತುವ ಚಾಕು, ಏಪ್ರನ್, ಹಿಡಿ ಮುರಿದ ಒಂದು ಚಹಾ ಕಪ್, ಇಷ್ಟನ್ನು ಒಂದು ಚೀಲಕ್ಕೆ ಹಾಕಿಕೊಂಡ. ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತ.

“ಸೋಮವಾರ ಅಂಚೆಯಾಕೆದು ಇದೆಯಲ್ಲ, ಅವರ ಕಾಲಿನ ತುದಿ ಮೂಳೆ ಚೂಪು. ನೋಡ್ಕೋ.”

ಮಾತು ಮೆತ್ತಗಿತ್ತು. ನನಗೆ ಬೆದರಿಕೆ ಹಾಕಿದ ಹಾಗೆ ಕೇಳಿಸಿತು. ಅದನ್ನೂ ಬರೆದಿಟ್ಟಿದ್ದೇನೆ.

ಮೇ 15, ಬುಧವಾರ

ಐದು ದಿನದಿಂದ ಬೀಗವಿಲ್ಲ. ಗಡಿಯಾರ ಸರಿಯಾಗಿದೆ. ಉಗ್ರಾಣಿ ಕರೆದ ಕೂಡಲೇ ಓ ಎನ್ನುತ್ತಾನೆ. ಕಳ್ಳ ಹೋದ, ಮನೆ ತಣ್ಣಗಾಯಿತು. ಪ್ಲಾಸ್ಟಿಕ್ ಎಳೆಯುವುದನ್ನು ನಾನೇ ಕಲಿತೆ. ಗಾಳಿ ಹೀರುವ ಪಂಪು ಮುಕ್ಕಾಲು ಕೆಲಸ ತಾನೇ ಮಾಡುತ್ತದೆ. ಬಟ್ಟಲು ತೆಗೆದ ಮೇಲೆ ಒಳಗಿನ ಅಚ್ಚನ್ನು ಒಡೆದು ಎಸೆಯುವುದು ವಾಡಿಕೆ. ಒಡೆಯುವಾಗ ನೋಡಿದೆ, ಹಾಲಿನಂಥ ಫೋಮು, ಎಲ್ಲೂ ಪ್ಲಾಸ್ಟರಿಲ್ಲ. ಶುದ್ಧ ಯಂತ್ರದ ಕೆಲಸ.

ಅಂಚೆಯಾಕೆ ಬಟ್ಟಲು ತೊಟ್ಟು, “ಸ್ವಲ್ಪ ಹಿಡೀತಿದೆ” ಎಂದರು. ಹೊಸದರಲ್ಲಿ ಹಾಗೇ, ನಡೀತಾ ನಡೀತಾ ಸರಿಹೋಗುತ್ತದೆ ಎಂದೆ.

ಮೇ 20, ಸೋಮವಾರ

ಅಂಚೆಯಾಕೆ ಬಂದರು. ಊರುಗೋಲು ಹಿಡಿದು.

ಮೊಂಡುಗಾಲಿಗೆ ತೊಡುವ ದಪ್ಪ ಉಣ್ಣೆಯ ಚೀಲವನ್ನು ಅವರು ಸುತ್ತಿ ಸುತ್ತಿ ಬಿಚ್ಚಿದರು. ತುದಿಯಲ್ಲಿ ಚರ್ಮ ಕಿತ್ತುಬಂದಿತ್ತು. ಉಣ್ಣೆಗೆ ಅಂಟಿಕೊಂಡಿದ್ದನ್ನು ಎಳೆಯುವಾಗ ಅವರು ಕಣ್ಣು ಮುಚ್ಚಿಕೊಂಡು, “ಮೂರು ಬೀದಿ ಹಂಚಿದ್ದೆ ಅಷ್ಟೆ. ಉಳಿದ ಕಾಗದ ವಾಪಸ್ ತಗೊಂಡ್ಹೋಗಿ ಕೊಟ್ಟೆ. ಇಷ್ಟು ವರ್ಷದಲ್ಲಿ ಯಾವತ್ತೂ ವಾಪಸ್ ತಗೊಂಡೋಗಿಲ್ಲ” ಎಂದರು.

ಮೇಷ್ಟ್ರು ಹೋಗುವ ಮುಂಚೆ ಏನೋ ಮಾಡಿಟ್ಟಿದ್ದಾನೆ ಎಂಬುದೇ ಮೊದಲು ಬಂದ ಯೋಚನೆ. ಆದರೆ ಆ ಅಚ್ಚನ್ನು ಕೊರೆದದ್ದು ಅವನು ಹೋದ ಮೇಲೆ. ಎಳೆದವಳು ನಾನು, ಒಡೆದವಳೂ ನಾನು. ಅದರ ಹತ್ತಿರ ಬೇರೊಂದು ನರಪಿಳ್ಳೆ ಸುಳಿದಿಲ್ಲ.

ಮೇ 21, ಮಂಗಳವಾರ

ಊಟ ಸೇರಲಿಲ್ಲ. ಅಕ್ಕ ಕೇಳಿದಳು, ಹೇಳಿದೆ.

“ಅಳತೆ ಸರಿ ಇತ್ತಾ?”

“ಇಪ್ಪತ್ತು ಸಲ ನೋಡಿದೀನಿ. ಕಾಲೆಷ್ಟೋ ಅಚ್ಚು ಅಷ್ಟೇ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.”

ಅಕ್ಕ ಬಾಯಿಂದ ಗುಂಡುಸೂಜಿ ತೆಗೆದಳು. ಅವಳು ಅದನ್ನು ತೆಗೆಯುವುದು ತೀರ ಅಪರೂಪ. “ಅಷ್ಟೇನಾ? ಮೈ ಎಷ್ಟಿದೆಯೋ ಅಷ್ಟಕ್ಕೇ ಅಂಗಿ ಹೊಲಿದ್ರೆ ಹಾಕ್ಕೊಂಡೋರು ಉಸಿರು ಬಿಡೋದು ಎಲ್ಲಿಂದ? ಇವರು ಒಳಗೆ ಉಣ್ಣೆ ಚೀಲ ಬೇರೆ ಹಾಕ್ಕೋತಾರೆ ಅಂತೀಯ. ಆ ಚೀಲ ಎಲ್ಲಿ ಕೂರಬೇಕು?”

ನಾನು ಕೈತೊಳೆದು ಎದ್ದೆ. ಅಳತೆ ತಾಳೆಯಾಗಿದೆ ಎಂದು ಎರಡು ತಿಂಗಳಿಂದ ನಾನು ಬೀಗುತ್ತಿದ್ದೆ. ತಾಳೆಯಾಗಲೇಬಾರದಿತ್ತು.

ಮೇ 22, ಬುಧವಾರ

ಉಗ್ರಾಣಿ ತಾನು ಮಾಡಿದ ಪ್ರತಿಯೊಂದು ಕೆಲಸವನ್ನೂ ಒಂದು ಕಡತದಲ್ಲಿ ಬರೆದಿಡುತ್ತಾನೆ: ಯಾವ ದಿನ, ಯಾರ ಅಪ್ಪಣೆ, ಯಾವ ಆಜ್ಞೆ. ಮೇಷ್ಟ್ರ ವಿರುದ್ಧ ಸಾಕ್ಷಿ ಹುಡುಕುವಾಗ ಅದನ್ನು ಏಕೆ ತೆರೆಯಲಿಲ್ಲವೋ. ಮೇಷ್ಟ್ರಿಗೆ ಆ ಕಂಪ್ಯೂಟರಿನಲ್ಲಿ ಖಾತೆಯೇ ಇಲ್ಲ ಎಂಬುದು ಗೊತ್ತಿದ್ದೂ ಗೊತ್ತಿಲ್ಲದವಳ ಹಾಗಿದ್ದೆ. ಇಡೀ ಕಡತದಲ್ಲಿ ಇದ್ದದ್ದು ಒಂದೇ ಹೆಸರು, ನನ್ನದು. ಮಾರ್ಚ್ 4, ಸಂಜೆ ಐದು ಹತ್ತು, ಬಲವಂತ.

ಅಂದು ಅವನು ಹೇಳಿದ ಹದಿನಾಲ್ಕು ಸಾಲನ್ನು ಇವತ್ತು ಓದಿದೆ. ಒಂಬತ್ತನೇ ಸಾಲು: ‘ಎರಡನೇ ಆವೃತ್ತಿಯಂತೆ ಮೂರನೆಯದು ಕಾಲುಚೀಲದ ಜಾಗವನ್ನು ತಾನಾಗಿ ಸೇರಿಸುವುದಿಲ್ಲ. ಬಳಸುವವರೇ ತಿಳಿಸಬೇಕು.’

ಹಾಗಾದರೆ ಮಾರ್ಚಿನಿಂದ ಕೊರೆದ ಒಂದೊಂದು ಅಚ್ಚೂ ಬಿಗಿ. ಶಿಕ್ಷಕಿಯದು, ಬಸ್ಸಿನ ಡ್ರೈವರದು, ಮೇಷ್ಟ್ರು ಇರುವವರೆಗಿನ ಎಲ್ಲ ಹತ್ತೊಂಬತ್ತೂ. ಅವುಗಳಲ್ಲಿ ಒಂದೂ ವಾಪಸ್ ಬರಲಿಲ್ಲ. ಮೇಷ್ಟ್ರೇ ಬೆಳಿಗ್ಗೆ ಆರಕ್ಕೆ ಬಂದು ದಿನಾ ಪ್ಲಾಸ್ಟರ್ ಬಳಿದು, ಒಣಗಿಸಲು ಇದ್ದ ಒಂದೇ ಪ್ಲಗ್ ಕಿತ್ತು, ನಾನು ಬರುವುದರೊಳಗೆ ಮತ್ತೆ ಹಚ್ಚಿ, ನೆಲ ಗುಡಿಸಿ ಇಟ್ಟಿದ್ದರು.

ಎರಡನೇ ಆವೃತ್ತಿ ಈಗ ಯಾವ ಭಂಡಾರದಲ್ಲೂ ಇಲ್ಲ, ತೆಗೆದುಹಾಕಿದ್ದಾರೆ. ನನ್ನ ಚೀಲದ ಡಿಸ್ಕಿನಲ್ಲಿತ್ತು. ನನ್ನ ಅನುಮಾನದಿಂದ ಲೋಕಕ್ಕಾದ ಉಪಕಾರ ಇದೊಂದೇ. ಮೂರನೆಯದನ್ನು ತೆಗೆಸಿ ಎರಡನೆಯದನ್ನು ಕೂರಿಸಿ, ಇದನ್ನು ಹಿಡಿದಿಡು, ನಾನೇ ಹೇಳಿದರೂ ಏರಿಸಬೇಡ ಎಂದು ಉಗ್ರಾಣಿಗೆ ಹೇಳಿದೆ. ಅಂಚೆಯಾಕೆಯ ಅಚ್ಚನ್ನು ಮತ್ತೆ ಕೊರೆಸಿದೆ. ಸುತ್ತಲೂ ಮೂರು ಮಿಲಿಮೀಟರ್ ಹೆಚ್ಚು.

ಮೇ 23, ಗುರುವಾರ

ಅಚ್ಚನ್ನು ಟವೆಲಿನಲ್ಲಿ ಸುತ್ತಿಕೊಂಡು ಮೇಷ್ಟ್ರ ಮನೆಗೆ ಹೋದೆ. ಮೂರನೇ ಮಹಡಿ, ಎರಡು ಕೋಣೆ. ಬಾಗಿಲು ತೆರೆದ ಅವರ ಹೆಂಡತಿಗೆ ನಾನು ಯಾರೆಂದು ನನ್ನ ಮುಖದಿಂದಲೇ ತಿಳಿಯಿತೇನೋ, ಕೂರಿ ಎನ್ನಲಿಲ್ಲ. ಮೇಷ್ಟ್ರು ಕಿಟಕಿ ಪಕ್ಕ ಕೂತಿದ್ದರು. ಅವರ ಕೈಗಳು ಅಷ್ಟು ಸ್ವಚ್ಛವಾಗಿದ್ದುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ನಿಂತುಕೊಂಡೇ ಎಲ್ಲ ಹೇಳಿದೆ. ಬಲವಂತ, ಒಂಬತ್ತನೇ ಸಾಲು, ಎಲ್ಲ. ಅವರು ಅಚ್ಚು ತೆಗೆದುಕೊಂಡು ಹೆಬ್ಬೆರಳು ಆಡಿಸಿದರು.

“ಅಂಚೆಯಮ್ಮನದು. ಕಾಲು ಹೇಗಿದೆ?”

“ಚರ್ಮ ಹೋಗಿದೆ. ಮೂರು ವಾರ ನಡೆಯೋ ಹಾಗಿಲ್ಲ ಅಂದ್ರಂತೆ ಡಾಕ್ಟರು.”

ಅವರು ಅಚ್ಚಿನ ತುದಿಯನ್ನು ಮತ್ತೊಮ್ಮೆ ಸವರಿದರು. ನಾನೇ ಕೇಳಿದೆ. “ನೀವು ಸುಮ್ಮನೆ ಬಿಟ್ಟಿದ್ರೆ ಮೂರು ಜನ ಯಾವಾಗಲೋ ವಾಪಸ್ ಬರ್ತಿದ್ರು. ಯಂತ್ರ ಹೋಗ್ತಿತ್ತು. ನಾನು ಹೋಗ್ತಿದ್ದೆ. ನಿಮ್ಮ ಬೆಂಚು ಉಳೀತಿತ್ತು.”

“ಹೌದು. ಮೂರು ಸಾಕಿತ್ತು.”

“ಮತ್ತೆ?”

ಮೇಷ್ಟ್ರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ನಿಜವಾಗಿ ಕೇಳುತ್ತಿದ್ದರು. “ಯಾವ ಮೂರು ಜನಾನ ಆರಿಸ್ಲಿ, ನೀನೇ ಹೇಳು.”

ಮೆಟ್ಟಿಲಿಳಿಯುವಾಗ ಎರಡನೇ ಮಹಡಿಯಲ್ಲಿ ಕೂತು ಅತ್ತೆ. ಯಾರು ನೋಡುತ್ತಿದ್ದಾರೋ ಎಂದು ಸುತ್ತ ನೋಡಲಿಲ್ಲ.

ಮೇ 24, ಶುಕ್ರವಾರ

ಮೇಡಂ ಮುಂದೆ ಕಾಗದ ಇಟ್ಟೆ. ಈ ಸಲ ಒಂದೇ ಪುಟ. ದೂರು ವಾಪಸ್, ತಪ್ಪು ನನ್ನ ಆಜ್ಞೆಯದು, ಮಾರ್ಚಿನಿಂದ ಸರಿ ಕೂತ ಹತ್ತೊಂಬತ್ತು ಬಟ್ಟಲು ಯಂತ್ರದ್ದಲ್ಲ, ಅಚ್ಚಿನ ಮೇಷ್ಟ್ರದ್ದು.

ಮೇಡಂ ಎರಡು ಸಲ ಓದಿದರು. “ಈಗ ಸರಿ ಹೋಗಿದೆ ತಾನೆ? ಒಬ್ರೇ ವಾಪಸ್ ಬಂದಿರೋದು, ಷರತ್ತು ಮೂರು. ಮೇಷ್ಟ್ರನ್ನ ಮರ್ಯಾದೆಯಾಗಿ ಕಳಿಸೋಣ. ಇದನ್ನ ಬರೆದು ನಿನ್ನ ಕಾಲ ಮೇಲೆ ನೀನೇ ಯಾಕೆ ಕಲ್ಲು ಹಾಕ್ಕೋತೀಯ?”

“ಪರೀಕ್ಷೆ ಆಗೇ ಇಲ್ಲ ಮೇಡಂ. ಯಂತ್ರದ್ದು ಅಂತ ಒಂದೇ ಬಟ್ಟಲು ಹೊರಗೆ ಹೋಗಿದ್ದು, ಅದೂ ವಾಪಸ್ ಬಂತು.”

“ಹಾಗಾದ್ರೆ ಮತ್ತೆ ಮೂರು ತಿಂಗಳು. ಷರತ್ತು ಅದೇ: ಮೂರು ವಾಪಸ್ ಬಂದ್ರೆ ನೀನು ಮನೆಗೆ, ಬರದಿದ್ರೆ ಮೇಷ್ಟ್ರು. ಈ ಸಲ ನಿನ್ನ ಕೆಲಸ ಹೋದ್ರೆ ನನ್ನ ಹತ್ರ ಬರಬೇಡ.”

ಸರಿ ಎಂದೆ. ಮೇಷ್ಟ್ರು ಆ ಮೂರು ತಿಂಗಳು ಇರುತ್ತಾರೆ, ಪ್ರತಿ ಅಚ್ಚನ್ನೂ ನೋಡುತ್ತಾರೆ, ದಾಖಲೆ ಪುಸ್ತಕದಲ್ಲಿ ಸರಿ ಅಥವಾ ತಪ್ಪು ಎಂದು ಬರೆದು ಸಹಿ ಮಾಡುವುದು ಇಬ್ಬರೂ ಎಂದು ತೀರ್ಮಾನವಾಯಿತು.

ಮೇ 31, ಶುಕ್ರವಾರ

ಎಲೆಕ್ಟ್ರಿಷಿಯನ್ ಬಂದು ಮೇಷ್ಟ್ರ ಬೆಂಚಿಗೆ ಬೇರೆ ಪ್ಲಗ್ ಹಾಕಿ ಹೋದ. ಬಿಲ್ ನನ್ನದು.

ಜೂನ್ 3, ಸೋಮವಾರ

ಹೊಸ ಪರೀಕ್ಷೆಯ ಮೊದಲ ಅಚ್ಚು. ಒಬ್ಬ ಅಡುಗೆಯವರದು, ದಿನಕ್ಕೆ ಹತ್ತು ಗಂಟೆ ನಿಲ್ಲುವವರು. ಉಗ್ರಾಣಿ ತಂಟೆ ಮಾಡಲಿಲ್ಲ. ಯಂತ್ರ ಒಂದು ಗಂಟೆಯಲ್ಲಿ ಕೊರೆದು ನಿಲ್ಲಿಸಿತು.

ಮೇಷ್ಟ್ರು ಅಚ್ಚನ್ನು ಬೆಳಕಿಗೆ ಹಿಡಿದರು. ಮೇಲಿಂದ ಕೆಳಕ್ಕೆ ಹೆಬ್ಬೆರಳು, ಆಮೇಲೆ ಸುತ್ತ. ತುದಿಗೆ ಬಂದು ನಿಂತರು. ಮತ್ತೆ ಮೇಲಿಂದ. ಅವರ ಬೆಂಚಿನ ಮೇಲೆ ಪ್ಲಾಸ್ಟರ್ ಕಲಸುವ ಬೋಗುಣಿ ಒಣಗಿ ಕೂತಿತ್ತು, ಪಕ್ಕದಲ್ಲಿ ನೀರು ತುಂಬಿಸಿ ಇಟ್ಟಿದ್ದೆ. ಎಲ್ಲಾದರೂ ಒಂದು ಕಡೆ ಬಿಗಿಯಾಗಿರಲಿ, ಒಂದು ಕೂದಲೆಳೆ ತಪ್ಪಿರಲಿ, ಮೂಳೆಯ ಹತ್ತಿರವಾದರೂ ಸರಿ ಎಂದು ನಾನು ಅವರ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದೆ.

“ಸರಿ ಇದೆ” ಎಂದರು ಮೇಷ್ಟ್ರು.

“ಇನ್ನೊಂದ್ಸಲ ನೋಡಿ.”

“ನೋಡಿದೆನಲ್ಲಮ್ಮ. ಚೆನ್ನಾಗಿ ಕೊರೆದಿದೆ. ನಾನು ಕೈ ಹಾಕೋ ಹಾಗಿಲ್ಲ.”

ದಾಖಲೆ ಪುಸ್ತಕ ನನ್ನ ಮುಂದಿತ್ತು, ಪೆನ್ನು ಕೈಯಲ್ಲಿತ್ತು. ಬರೆಯಲಾಗಲಿಲ್ಲ.

“ಬರಿ” ಎಂದರು. “ಇದ್ದದ್ದನ್ನ ಬರಿ.”

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ದುಂಡಗೆ, ಒಂದು ಅಕ್ಷರವೂ ಅಲುಗದ ಹಾಗೆ, ‘ಅಚ್ಚು ಒಂದು, ಸರಿ ಇದೆ’ ಎಂದು ತಾವೇ ಬರೆದು ಸಹಿ ಮಾಡಿದರು.